ಅತ್ತೆ ಉಣ್ಣದ ಭೋಜನ

ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಅರ್ಧ ದಿನ ಬಿಟ್ಟರೆ ಒಂದು ವಾಸನೆ ಏಳುತ್ತದೆ. ಪೂರ್ತಿ ಸಿಹಿಯಲ್ಲ, ಪೂರ್ತಿ ಹುಳಿಯೂ ಅಲ್ಲ. ಬೆಲ್ಲ, ಒದ್ದೆ ಗೋಣಿಚೀಲ, ಹಳೇ ಹಿತ್ತಾಳೆ ಮೂರೂ ಒಂದೇ ಕಡೆ ಕೂತಂಥ ವಾಸನೆ. ಬಳ್ಳಾರಿಯ ನಮ್ಮ ವಠಾರದಲ್ಲಿ ಪಕ್ಕದ ಮನೆಯಾಕೆ ತನ್ನ ಮಗುವಿಗೆಂದು ಆಗಾಗ ದ್ರಾಕ್ಷಿ ನೆನೆಹಾಕುತ್ತಾಳೆ. ಆ ದಿನ ನಾನು ಅಡುಗೆಮನೆಯ ಕಿಟಕಿ ಹಾಕಿಕೊಂಡು ಕೂರುತ್ತೇನೆ. ಸೆಖೆಯಲ್ಲಿ ಬೆವರಿ ತೊಪ್ಪೆಯಾದರೂ ಸರಿ, ತೆಗೆಯುವುದಿಲ್ಲ. ಆಕೆಗೆ ನಾನು ಸಿಡುಕಿ ಅನ್ನಿಸಿರಬೇಕು. ಅನ್ನಿಸಲಿ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಮನೆ ಹೋಗಿ, ಮನೆಯವರೂ ಹೋಗಿ, ಅದೊಂದು ಮಾತ್ರ ಹೇಳದೆ ಕೇಳದೆ ಒಳಗೆ ಬರುವಂಥದ್ದು. ಇದ್ದರೆ ನನ್ನ ಕಿಟಕಿಯ ವಿಷಯ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆ ಕೊಟ್ಟೂರಿನಲ್ಲಿತ್ತು. ನಮ್ಮ ಮನೆ ಅಂದೆ, ನಿಜಕ್ಕೂ ಅದು ಸಭೆಯ ಮನೆ. ಊರಿನ ನಾಲ್ಕಾರು ಓಣಿಗಳಲ್ಲಿ ಹರಡಿಕೊಂಡಿದ್ದ ಇಪ್ಪತ್ತು ಇಪ್ಪತ್ತೈದು ಕ್ರೈಸ್ತ ಕುಟುಂಬಗಳಿಗೆ ಒಟ್ಟಾಗಿ ಸಭೆ ಎಂದು ಹೆಸರು. ಆ ಸಭೆಗೆ ತಗಡಿನ ಮಾಡಿನ ಒಂದು ಪ್ರಾರ್ಥನಾಲಯ, ಅದರ ಗೋಡೆಗೆ ಆತುಕೊಂಡು ಎರಡು ಅಂಕಣದ ಒಂದು ಮಾಳಿಗೆ ಮನೆ. ಮಾಳಿಗೆ ಮನೆ ಉಪದೇಶಿಗೆ. ನನ್ನ ಅಪ್ಪ ದಾನಿಯೇಲಪ್ಪ ಅಲ್ಲಿಯ ಉಪದೇಶಿ. ಭಾನುವಾರದ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಪಾಠ ಹೇಳುವುದು, ಕಾಯಿಲೆಯವರ ಮನೆಗೆ ಹೋಗುವುದು, ಸತ್ತವರನ್ನು ಮಣ್ಣು ಮಾಡುವುದು, ಇಷ್ಟು ಅವನ ಕೆಲಸ. ದೀಕ್ಷಾಸ್ನಾನ ಕೊಡುವುದು, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ ಚೂರು, ದ್ರಾಕ್ಷಿರಸ ಕೊಡುವ ಕರ್ತನ ಭೋಜನ ಹಂಚುವುದು ಮಾತ್ರ ಅವನ ಕೈಯಲ್ಲಿರಲಿಲ್ಲ. ಅದಕ್ಕೆ ಹೊಸಪೇಟೆಯಿಂದ ಮೂರು ತಿಂಗಳಿಗೊಮ್ಮೆ ಪಾದ್ರಿ ಅಯ್ಯನವರು ಬಸ್ಸಿನಲ್ಲಿ ಬರಬೇಕು. ನನಗೆ ಮೂರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಆಗಲೇ ಗಂಡನನ್ನು ಕಳಕೊಂಡಿದ್ದ ಅಪ್ಪನ ಅಕ್ಕ ಜೀವರತ್ನಮ್ಮ, ತನ್ನ ಮಗಳು ಸುಶೀಲಳನ್ನು ಕರಕೊಂಡು ಬಂದು ನಮ್ಮ ಒಲೆಯ ಮುಂದೆ ಕೂತಳು. ನನಗೆ ಅವ್ವನ ಮುಖ ನೆನಪಿಲ್ಲ. ನೆನಪಿರುವುದೆಲ್ಲ ಈ ಅತ್ತೆಯ ಮುಖ.

ಅಪ್ಪನಿಗೆ ಪದಗಳೆಂದರೆ ಪ್ರಾಣ. ಸಂಜೆ ನಾವು ಏಳೆಂಟು ಮಕ್ಕಳು ಪ್ರಾರ್ಥನಾಲಯದ ಚಾಪೆಯ ಮೇಲೆ ಕೂತರೆ ಅವನು ಕರಿಹಲಗೆಯ ಮೇಲೆ ಒಂದು ಏಣಿ ಬರೆಯುತ್ತಿದ್ದ. ಕೆಳಗಿನ ಮೆಟ್ಟಿಲ ಮೇಲೆ ಪಾಪ. ಅದರ ಮೇಲೆ ಪಶ್ಚಾತ್ತಾಪ. ಆಮೇಲೆ ಕ್ಷಮೆ, ನೀತೀಕರಣ, ಪವಿತ್ರೀಕರಣ, ತುದಿಯಲ್ಲಿ ನಿತ್ಯಜೀವ. ಬೀದಿಯಲ್ಲಿ ನಮ್ಮೆಲ್ಲರ ಹಾಗೆ ‘ಐತಿ, ಹೋಗ್ಯಾನ’ ಎಂದು ಮಾತಾಡುವ ಅಪ್ಪ, ಸೀಮೆಸುಣ್ಣ ಹಿಡಿದ ಕೂಡಲೇ ಪುಸ್ತಕದ ಮನುಷ್ಯನಾಗಿಬಿಡುತ್ತಿದ್ದ. “ಪಶ್ಚಾತ್ತಾಪವೆಂದರೆ ಬರೀ ಅಳುವುದಲ್ಲ. ತಪ್ಪನ್ನು ತಪ್ಪೆಂದು ಒಪ್ಪಿ, ಬಾಯಿಂದ ಅರಿಕೆಮಾಡಿ, ಅದರಿಂದ ತಿರುಗಿಕೊಳ್ಳುವುದು. ಈ ಮೆಟ್ಟಿಲನ್ನು ಹಾರಿ ಮೇಲಿನದಕ್ಕೆ ಕಾಲಿಡಲು ಯಾರಿಗೂ ಆಗದು” ಎನ್ನುತ್ತಿದ್ದ. ಏಣಿಯಲ್ಲಿ ಕೃಪೆ ಎಂಬ ಪದಕ್ಕೆ ಜಾಗವಿರಲಿಲ್ಲ. ಅದನ್ನು ಹಲಗೆಯ ಒಂದು ಬದಿಗೆ ಬರೆದು, ಅಲ್ಲಿಂದ ಎಲ್ಲ ಮೆಟ್ಟಿಲುಗಳಿಗೂ ಒಂದೊಂದು ಗೆರೆ ಎಳೆಯುತ್ತಿದ್ದ. ನಾನು ಇವೆಲ್ಲವನ್ನೂ ಉಸಿರು ಬಿಡದೆ ಒಪ್ಪಿಸುವವಳು. ಅರ್ಥ ಕೇಳಬೇಡಿ, ಆಗ ಬಾಯಿಪಾಠವೇ ಅರ್ಥ.

ಅರ್ಥ ಬೇಕಿದ್ದರೆ ಅಡುಗೆಮನೆಗೆ ಹೋಗಬೇಕಾಗಿತ್ತು. ರೊಟ್ಟಿ ಬಡಿಯುತ್ತಲೇ ಅತ್ತೆ ಹೇಳುತ್ತಿದ್ದಳು. ಮಧ್ಯಸ್ಥ ಎಂದರೆ, ಮಾತು ಬಿಟ್ಟ ಎರಡು ಮನೆಗಳ ನಡುವೆ ಓಡಾಡಿ ಇಬ್ಬರ ಬೈಗುಳವನ್ನೂ ತಾನೇ ತಿನ್ನುವವನು. ಪವಿತ್ರಾತ್ಮ ಎಂದರೆ, ತೂರುವಾಗ ಬರುವ ಗಾಳಿ. ಕಣ್ಣಿಗೆ ಕಾಣದು, ಆದರೆ ಹೊಟ್ಟು ಹಾರಿದ್ದು ಕಾಣುತ್ತದೆ. ಕೃಪೆಯೆಂದರೇನು ಎಂದು ಒಂದು ದಿನ ಕೇಳಿದೆ. ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು. “ನಿಮ್ಮವ್ವ ಹೋದಾಗ ನಿನಗ ತುತ್ತು ಮಾಡಿ ಉಣಿಸಿದ್ನಲ್ಲ, ಆಗ ನಿನ್ನ ಏನರ ಕೇಳಿದ್ನೇನು? ಶಾಣ್ಯಾಳಾಗಿ ಇರ್ತೀಯೇನು, ಹೇಳಿದಂಗ ಕೇಳ್ತೀಯೇನು ಅಂತ? ಹಸದಿದ್ದಿ, ಉಣಿಸಿದೆ. ಅದ ನೋಡು.” ಅಪ್ಪ ನಡುಮನೆಯಿಂದ ಗಂಟಲು ಸರಿಮಾಡಿಕೊಂಡ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅವನು ಸೊನ್ನೆ ಕೊಡುತ್ತಿದ್ದನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಭೋಜನದ ತಯಾರಿ ತಲೆಮಾರಿನಿಂದ ನಮ್ಮ ಮನೆಯ ಹೆಂಗಸರ ಕೆಲಸ. ಅಯ್ಯನವರು ಬರುವ ಭಾನುವಾರದ ಮುಂಚಿನ ದಿನ ಅತ್ತೆ ನನ್ನನ್ನು ಬಜಾರಿನ ಖಾಸಿಂಸಾಬರ ಅಂಗಡಿಗೆ ಓಡಿಸುತ್ತಿದ್ದಳು. ಕರಿದ್ರಾಕ್ಷಿ ಎಂದ ಕೂಡಲೇ ಅವರು “ಭೋಜನದ್ದೇನಮ್ಮ?” ಎಂದು ಕೇಳಿ, ಕಡ್ಡಿಕಸ ಆರಿಸಿ ಬೇರೆ ಪೊಟ್ಟಣ ಕಟ್ಟುವರು. ಅತ್ತೆ ತಲೆಸ್ನಾನ ಮಾಡಿ, ಹಿತ್ತಾಳೆ ಬೋಗುಣಿಯಲ್ಲಿ ದ್ರಾಕ್ಷಿಗೆ ಬಿಸಿನೀರು ಹುಯ್ದು ಮುಚ್ಚಿಡುತ್ತಿದ್ದಳು. ಸಂಜೆ ತೆಳ್ಳನೆ ಬಿಳಿ ಬಟ್ಟೆಯಲ್ಲಿ ಹಿಂಡಿದರೆ ಕಪ್ಪುಗೆಂಪು ರಸ. ಉಪ್ಪಿಲ್ಲದ ಗೋಧಿ ರೊಟ್ಟಿಯನ್ನು ಕಂದದಂತೆ ಹಂಚಿನ ಮೇಲೆ ಸುಟ್ಟು, ಕತ್ತರಿಯಿಂದ ಉಗುರಗಲದ ಚೌಕಗಳಾಗಿ ಕತ್ತರಿಸುವಳು. ಹಿಂಡಿ ಉಳಿದ ಸಿಪ್ಪೆ ನನ್ನ ಪಾಲು. ಒಮ್ಮೆ, ಏಳೆಂಟು ವರ್ಷದವಳಿದ್ದೆನೇನೋ, ಅವಳ ಬೆರಳ ಸಂದಿಯಲ್ಲಿ ರಸ ಇಳಿಯುತ್ತಿದ್ದುದನ್ನು ನೋಡಿ, “ನೆಕ್ಕು ಅತ್ತಿ, ಯಾರು ನೋಡ್ತಾರ?” ಎಂದೆ. ಅವಳು ಕೈ ತೊಳೆದುಕೊಂಡಳು. “ಕದ್ದು ನೆಕ್ಕಿದ್ರ ಅದು ಬರೇ ದ್ರಾಕ್ಷಿ ಆಕ್ಕೈತಿ ತಾಯಿ. ಬರೇ ದ್ರಾಕ್ಷಿ ತಿನ್ನಾಕ ನನಗೇನು ಬಡತನಾನಾ?” ಎಂದಳು.

ಏಕೆಂದರೆ ಅತ್ತೆಗೆ ಭೋಜನವಿರಲಿಲ್ಲ. ಅವಳು ಶಿಸ್ತಿನಲ್ಲಿದ್ದಳು. ಸಭೆಯ ಕ್ರಮಕ್ಕೆ ಹೊರತಾಗಿ ನಡೆದವರನ್ನು ಭೋಜನದಿಂದ ದೂರ ಇಡುವುದಕ್ಕೆ ಶಿಸ್ತು ಎನ್ನುತ್ತಿದ್ದರು. ಅಂಥವರು ಹಿಂದಿನ ಚಾಪೆಯಲ್ಲಿ ಕೂರಬೇಕು, ತಟ್ಟೆ ಅವರ ಮುಂದೆ ನಿಲ್ಲದೆ ಹೋಗುತ್ತದೆ. ಅತ್ತೆ ಮಾಡಿದ್ದೇನೆಂದರೆ, ತೊಂಬತ್ತರ ದಶಕದ ಮೊದಲಲ್ಲಿ ಸುಶೀಲಕ್ಕನನ್ನು ಹರಪನಹಳ್ಳಿ ಕಡೆಯ ಒಂದು ಹಳ್ಳಿಗೆ, ಸಭೆಗೆ ಸೇರದೆ ಉಳಿದಿದ್ದ ನಮ್ಮದೇ ನೆಂಟರ ಮನೆಗೆ ಕೊಟ್ಟಳು. ಅವರ ಮನೆದೇವರ ಮುಂದೆ ತಾಳಿಯಾಯಿತು, ಅತ್ತೆ ಎಲ್ಲರ ಜೊತೆ ನಿಂತು ಅಕ್ಕಿಕಾಳು ಹಾಕಿದಳು. ಹುಡುಗ ಒಳ್ಳೆಯವನು, ಸುಶೀಲಕ್ಕ ಒಪ್ಪಿದ್ದಳು, ಇವತ್ತಿಗೂ ಅವರ ಸಂಸಾರ ಚೆನ್ನಾಗಿದೆ. ಆದರೆ ಕ್ರಮದ ಪ್ರಕಾರ ಅದು ವಿಗ್ರಹದ ಮುಂದೆ ನಿಂತ ಪಾಪ. ಶಿಸ್ತಿನ ಪಟ್ಟಿಗೆ ಹೆಸರು ಬರೆದದ್ದು ಅಯ್ಯನವರು, ಹೇಳಿ ಬರೆಸಿದ್ದು ಅಪ್ಪ. ಎಲ್ಲರ ಎದುರು ಎದ್ದು, ಮಾಡಿದ್ದು ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅತ್ತೆ ಹೇಳಲಿಲ್ಲ. “ಅಕ್ಕಿಕಾಳು ಹಾಕಿದ್ದು ದೇವರಿಗಲ್ಲ, ನನ್ನ ಮಗಳಿಗೆ. ಆಕಿ ಮದುವಿ ಪಾಪ ಅಂತ ನನ್ನ ಬಾಯಾಗ ಬರಂಗಿಲ್ಲ ದಾನಿ. ಬ್ಯಾರೆ ಪಾಪ ಬೇಕಾದಷ್ಟು ಅದಾವು, ಬರಕೋ, ಎಲ್ಲಾ ಒಪ್ಪಿಕೋತೀನಿ” ಎಂದಳಂತೆ. ಅಪ್ಪ ತಲೆ ಅಲ್ಲಾಡಿಸಿದನಂತೆ.

ಶಿಸ್ತಿನಲ್ಲಿದ್ದವಳು ಭೋಜನ ತಯಾರು ಮಾಡಬಹುದೇ ಎಂದು ಸಭೆಯಲ್ಲಿ ಯಾರೋ ಮೂಗು ತೂರಿಸಿದ್ದರು. “ಶಿಸ್ತು ಇರೋದು ಉಣ್ಣಾಕ, ಮಾಡಾಕಲ್ಲ” ಎಂದು ಅಪ್ಪ ತೀರ್ಮಾನ ಕೊಟ್ಟ. ಆ ಮಾತಿನಲ್ಲಿ ಅಕ್ಕನ ಮೇಲೆ ಒಂದಿಷ್ಟು ಕರುಣೆ ಇತ್ತೋ ಅಥವಾ ಬೇರೆ ಯಾರಿಗೂ ರಸದ ಹದ ಗೊತ್ತಿರಲಿಲ್ಲವೋ, ನನಗೆ ಈಗಲೂ ತಿಳಿಯದು. ಅಂತೂ ಹನ್ನೊಂದು ವರ್ಷ ಅವಳು ಮಾಡಿದಳು. ಮಾಡಿ, ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿ ಅಪ್ಪನ ಕೈಗಿತ್ತು, ಹೋಗಿ ಹಿಂದಿನ ಚಾಪೆಯ ಮೇಲೆ ಕೂರುತ್ತಿದ್ದಳು. ತಾನು ಕತ್ತರಿಸಿದ ಚೂರುಗಳು ತಲೆಯಿಂದ ತಲೆಗೆ ಸಾಗುವುದನ್ನು ನೋಡುತ್ತಿದ್ದಳು. ಒಮ್ಮೆಯಾದರೂ ಎದ್ದು ಹೊರಗೆ ಹೋಗಲಿಲ್ಲ. ಮನೆಯಲ್ಲಿ ಅಕ್ಕ ತಮ್ಮ ಉಪ್ಪು ಹುಣಸೆಹಣ್ಣಿನಿಂದ ಹಿಡಿದು ನನ್ನ ಜಡೆಯ ಹೇನಿನವರೆಗೆ ಎಲ್ಲ ಮಾತಾಡುತ್ತಿದ್ದರು. ಇದೊಂದು ಮಾತು ಮಾತ್ರ ಅವರ ನಡುವೆ ಬರುತ್ತಿರಲಿಲ್ಲ.

ಪ್ರತಿ ಸಲ ಅಯ್ಯನವರು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಸಭೆಯ ದೊಡ್ಡ ಪುಸ್ತಕ ತೆರೆದು, “ಈ ಸಲ ಯಾರನ್ನಾದರೂ ಮತ್ತೆ ಭೋಜನಕ್ಕೆ ಸೇರಿಸೋದು ಐತೇನ್ರಿ ಉಪದೇಶಿಗಳೇ?” ಎಂದು ಕೇಳುತ್ತಿದ್ದರು. ಕ್ರಮ ಎಷ್ಟೇ ಬಿಗಿಯಾಗಿದ್ದರೂ ಉಪದೇಶಿ ಒಬ್ಬರ ಪರವಾಗಿ ಒಂದು ಮಾತು ಹೇಳಿದರೆ ಅಯ್ಯನವರು ಅದನ್ನು ತಳ್ಳಿಹಾಕುತ್ತಿರಲಿಲ್ಲ. ಕುಡಿದು ಪ್ರಾರ್ಥನಾಲಯದ ತಗಡಿಗೆ ಕಲ್ಲು ಬೀರಿದ್ದ ಗೌಂಡಿ ಯೇಸಪ್ಪನಿಗೆ ಅಪ್ಪ ಮೂರೇ ತಿಂಗಳಲ್ಲಿ ಮಾತು ಹೇಳಿದ. ಅವನು ಬಾಯಿಬಿಟ್ಟು ಅರಿಕೆ ಮಾಡಿದ್ದೇನೂ ಇರಲಿಲ್ಲ, ಮೋರೆ ತಗ್ಗಿಸಿ ನಿಂತಿದ್ದ, ಅಷ್ಟೆ. “ನಾಚಿಕಿ ಪಟ್ಟಾನ್ರಿ, ಅದೂ ಒಂದು ಅರಿಕೆನ” ಎಂದ ಅಪ್ಪ. ಅಕ್ಕನ ಹೆಸರು ಮಾತ್ರ ಅವನ ಬಾಯಲ್ಲಿ ಬರಲಿಲ್ಲ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಅಯ್ಯನವರೇ ಕೇಳಿದರು. “ನಿಮ್ಮ ಅಕ್ಕೋರು ಬಾಳ ವರ್ಷ ಆತಲ್ರಿ. ನೀವೊಂದು ಮಾತು ಹೇಳ್ರಿ, ಈ ಸಲ ಮುಗಿಸಿಬಿಡೋಣ.” ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಒಳಗೆ ಅತ್ತೆಯ ಕತ್ತರಿ ನಿಂತಿತು. ಅಪ್ಪ ಹೇಳಿದ, “ಬ್ಯಾಡ್ರಿ ಅಯ್ಯನೋರೇ. ಬ್ಯಾರೆಯವ್ರಾಗಿದ್ರ ನಾನ ಹೇಳ್ತಿದ್ದೆ. ನನ್ನ ಸ್ವಂತ ಅಕ್ಕ. ಉಪದೇಶಿ ಮನಿಗೊಂದು ಕ್ರಮ, ಊರಿಗೊಂದು ಕ್ರಮ ಅಂತ ನಾಳೆ ಜನ ಅನ್ನಬಾರದು.” ಅಯ್ಯನವರು ಪುಸ್ತಕ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಕತ್ತರಿ ಮತ್ತೆ ಆಡತೊಡಗಿತು. ಆ ಸಂಜೆ ನಾನು ಅಪ್ಪನ ಮೇಲೆ ಸಿಟ್ಟಾಗಿ ಉಣ್ಣದೆ ಕೂತರೆ ಅತ್ತೆಯೇ ಗದರಿಸಿ ಉಣಿಸಿದಳು.

ನನ್ನ ದೃಢೀಕರಣದ ವರ್ಷ ಬಂತು. ಹದಿನೈದು ತುಂಬಿದವರು ಎಲ್ಲ ಪದಗಳ ಅರ್ಥ ಒಪ್ಪಿಸಿ, ತಮ್ಮ ನಂಬಿಕೆಯನ್ನು ತಾವೇ ಹೇಳಿ, ಮೊದಲ ಭೋಜನ ತೆಗೆದುಕೊಳ್ಳುವ ದಿನ ಅದು. ಅತ್ತೆ ನನಗಾಗಿ ಬಿಳಿ ಸೀರೆ ತರಿಸಿ ಅಂಚು ಹೊಲಿಯುತ್ತಿದ್ದಳು. ಎರಡು ವಾರ ಇರುವಾಗ ಒಂದು ಬೆಳಿಗ್ಗೆ ಒಲೆಯ ಮುಂದಿನಿಂದ ಏಳಲು ಹೋದವಳು ಏಳಲಿಲ್ಲ. ಲಕ್ವ ಹೊಡೆದಿತ್ತು. ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡು, ಮನೆಗೆ ಕರಕೊಂಡು ಹೋಗಿ ಎಂದರು. ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ತಿಳಿವಳಿಕೆ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ನೀರು ಬೇಕೇ ಎಂದರೆ ಹೂಂ ಎಂದು ಗೋಣು ಹಾಕುತ್ತಿದ್ದಳು, ಬೇಡದಿದ್ದರೆ ತಲೆ ಅಲ್ಲಾಡಿಸುತ್ತಿದ್ದಳು. ಸುಶೀಲಕ್ಕ ಬಂದು ಕಾಲ ಬಳಿ ಕೂತಳು.

ಅಪ್ಪನಿಗೆ ಆಗ ಎಚ್ಚರವಾಯಿತು. ದಿನವೂ ಅವಳ ಮಂಚದ ಪಕ್ಕ ಕೂತು ಬೇಡಿಕೊಳ್ಳುತ್ತಿದ್ದ. “ಅಕ್ಕಾ, ಮಾತು ಬ್ಯಾಡ. ತಪ್ಪಾತು ಅಂತ ಒಂದ ಸಲ ಗೋಣು ಹಾಕು. ಅಯ್ಯನೋರು ಬರ್ತಾರ, ಎಲ್ಲಾ ಸರಿ ಮಾಡ್ತೀನಿ.” ಅವಳು ಅವನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಗೋಣು ಹಾಕಲಿಲ್ಲ. ದೃಢೀಕರಣದ ಹಿಂದಿನ ದಿನ, ಶನಿವಾರ, ದ್ರಾಕ್ಷಿ ನೆನೆಹಾಕಿದ್ದು ನಾನು. ಬೋಗುಣಿಯನ್ನು ಮಂಚದ ಹತ್ತಿರವೇ ತಂದಿಟ್ಟುಕೊಂಡೆ. ನೀರು ಇಷ್ಟು ಸಾಕೇ ಅತ್ತಿ? ಸಾಲದು ಎಂದು ಅಲ್ಲಾಡಿಸಿದಳು. ಇಷ್ಟು? ಹೂಂ ಎಂದು ಗೋಣು ಹಾಕಿದಳು. ಹಿಂಡುವಾಗ, ರೊಟ್ಟಿ ಸುಡುವಾಗ, ಕತ್ತರಿಸುವಾಗ, ಪ್ರತಿಯೊಂದಕ್ಕೂ ಆ ತಲೆ ಸ್ಪಷ್ಟವಾಗಿ ಆಡಿತು. ಬಾಗಿಲಲ್ಲಿ ನಿಂತು ಅಪ್ಪ ಎಲ್ಲವನ್ನೂ ನೋಡಿದ. ಅವಳಿಗೆ ಆಗುವುದಿಲ್ಲವೆಂದಲ್ಲ, ಅವಳು ಒಲ್ಲಳು ಎಂಬುದು ಅವನಿಗೆ ಅಲ್ಲೇ ಗೊತ್ತಾಗಿರಬೇಕು.

ಭಾನುವಾರ ಬೆಳಿಗ್ಗೆ ಅಯ್ಯನವರು ಪುಸ್ತಕ ತೆರೆಯುವ ಮೊದಲೇ ಅಪ್ಪ ಹೇಳಿದ, “ನಮ್ಮ ಅಕ್ಕನ್ನ ಸೇರಿಸ್ರಿ. ಪಶ್ಚಾತ್ತಾಪ ಪಟ್ಟಾಳ. ಲಕ್ವ ಹೊಡಿಯೋ ಮುಂಚಿನ ದಿನ ನನ್ನ ಮುಂದ ಬಾಯಿಬಿಟ್ಟು ಹೇಳ್ಯಾಳ.” ನಾನು ಬಿಳಿ ಸೀರೆಯ ನೆರಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನನ್ನ ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಯ್ಯನವರಿಗೆ ಸಂತೋಷವೇ ಆಯಿತು, ದೇವರಿಗೆ ಸ್ತೋತ್ರ ಎಂದರು, ಬರೆದುಕೊಂಡರು. ಪ್ರಾರ್ಥನೆಯಾಯಿತು, ನಾನು ಎಲ್ಲ ಪದ ಒಪ್ಪಿಸಿದೆ, ನನ್ನ ಮೊದಲ ಭೋಜನವೂ ಆಯಿತು. ಅದರ ರುಚಿ ಹೇಗಿತ್ತೆಂದು ನೆನಪಿಲ್ಲ, ನನ್ನ ಮನಸ್ಸೆಲ್ಲ ಗೋಡೆಯಾಚೆಯ ಮಂಚದ ಮೇಲಿತ್ತು. ಮುಗಿದ ಮೇಲೆ ಅಯ್ಯನವರು ಒಂದು ಚೂರು ರೊಟ್ಟಿ, ಸಣ್ಣ ಬಟ್ಟಲಲ್ಲಿ ರಸ ಹಿಡಿದು ನಮ್ಮ ಮನೆಗೆ ಬಂದರು. ಹಿಂದೆಯೇ ಸಭೆಯವರು ಹತ್ತಾರು ಜನ ಬಂದು ಬಾಗಿಲಲ್ಲಿ ತುಂಬಿಕೊಂಡರು.

ಬಟ್ಟಲು ಹತ್ತಿರ ಬಂದಾಗ ಅತ್ತೆಗೆ ವಾಸನೆ ಸಿಕ್ಕಿತು. ಅವಳ ಸೊಟ್ಟ ಬಾಯಿ ತಾನಾಗಿಯೇ ತುಸು ತೆರೆಯಿತು. ಹಸಿದ ಕೂಸಿನ ಬಾಯಿಯ ಹಾಗೆ. ನಾನು ಅದನ್ನು ನೋಡಿದೆ, ಅಪ್ಪನೂ ನೋಡಿದ. ಅವಳಿಗೆ ಅದು ಬೇಕಾಗಿತ್ತು. ಹನ್ನೊಂದು ವರ್ಷವೂ ಬೇಕಾಗಿತ್ತು. ಆದರೆ ಮತ್ತೆ ಸೇರುವವರನ್ನು ಕೇಳಲೇಬೇಕಾದ ಪ್ರಶ್ನೆಯೊಂದು ಕ್ರಮದಲ್ಲಿತ್ತು, ಅಪ್ಪನಷ್ಟು ಚೆನ್ನಾಗಿ ಅದನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅಯ್ಯನವರು ಮೆತ್ತಗೆ ಕೇಳಿದರು, “ಜೀವರತ್ನಮ್ಮಾ, ಮಗಳ ಮದುವೆಯಲ್ಲಿ ಮಾಡಿದ್ದಕ್ಕೆ ನೀನು ಪಶ್ಚಾತ್ತಾಪ ಪಟ್ಟು ಅರಿಕೆ ಮಾಡಿದ್ದು ನಿಜವಷ್ಟೆ?” ಅತ್ತೆಯ ಕಣ್ಣು ಅಪ್ಪನ ಕಡೆ ತಿರುಗಿತು. ಆಮೇಲೆ ಕಾಲ ಬಳಿ ಕೂತಿದ್ದ ಸುಶೀಲಕ್ಕನ ಕಡೆ, ಅವಳ ಹಣೆಯ ಕುಂಕುಮದ ಕಡೆ. ತೆರೆದ ಬಾಯಿ ಮುಚ್ಚಿತು. ಅವಳು ತಲೆ ಅಲ್ಲಾಡಿಸಿದಳು. ಅಯ್ಯನವರು ತಿಳಿಯಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಸುಶೀಲಕ್ಕ “ಹೂಂ ಅನ್ನವ್ವಾ, ನನಗೇನೂ ಬ್ಯಾಸರಿಲ್ಲ, ಹೂಂ ಅನ್ನು” ಎಂದು ಕಾಲು ಹಿಡಿದು ಅತ್ತಳು. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅಯ್ಯನವರು ಬಟ್ಟಲ ಮೇಲೆ ಬಟ್ಟೆ ಮುಚ್ಚಿ, “ಏನ್ರಿ ಉಪದೇಶಿಗಳೇ ಇದು?” ಎಂದರು. ಬಾಗಿಲಲ್ಲಿದ್ದವರೆಲ್ಲ ಅಪ್ಪನನ್ನು ನೋಡಿದರು.

ಮೂರನೆಯ ದಿನ ಅತ್ತೆ ಹೋದಳು. ಶಿಸ್ತಿನಲ್ಲಿ ಸತ್ತವರಿಗೆ ಪ್ರಾರ್ಥನಾಲಯದ ಗಂಟೆಯಿಲ್ಲ, ಕೀರ್ತನೆಯಿಲ್ಲ, ಬೇಲಿಯಂಚಿನಲ್ಲಿ ಒಂದು ಕುಣಿ ಮಾತ್ರ ಉಂಟು. ಎಷ್ಟೋ ಜನರ ಕುಣಿಯ ಮುಂದೆ ನಿಂತು ಪುನರುತ್ಥಾನದ ಮಾತುಗಳನ್ನು ಪುಸ್ತಕ ನೋಡದೆ ಹೇಳುತ್ತಿದ್ದ ಅಪ್ಪ ಅವತ್ತು ಪುಸ್ತಕವನ್ನೇ ತಂದಿರಲಿಲ್ಲ. ಮಣ್ಣು ಎಳೆದಾದ ಮೇಲೆ ಸುಶೀಲಕ್ಕ ಅವನ ತೋಳು ಹಿಡಿದು ಕೇಳಿದಳು, “ಮಾಮಾ, ಎಲ್ಲಾರೂ ಏಳೋ ದಿನ ಅವ್ವ ಏಳ್ತಾಳೋ ಇಲ್ಲೋ? ಅದೊಂದು ಹೇಳು.” ಅಪ್ಪ, “ನನಗ ಗೊತ್ತಿಲ್ಲ ತಾಯಿ” ಎಂದ. ಸುಳ್ಳು ಹೇಳಿದ್ದಕ್ಕಿಂತ ಆ ಮಾತು ಕೇಳಿ ನನಗೆ ಹೆಚ್ಚು ಭಯವಾಯಿತು.

ತಿಂಗಳೊಳಗೆ ಹೊಸಪೇಟೆಯಿಂದ ಕಾಗದ ಬಂತು. ಸಭೆಯ ಪುಸ್ತಕಕ್ಕೆ ಸುಳ್ಳು ಬರೆಸಿದ್ದಕ್ಕೆ ಉಪದೇಶಿತನದಿಂದ ಬಿಡುಗಡೆ, ಒಂದು ವರ್ಷ ಶಿಸ್ತು. ಮಾಳಿಗೆ ಮನೆ ಬಿಟ್ಟು ನಾವು ಹಗರಿಬೊಮ್ಮನಹಳ್ಳಿಗೆ ಹೋದೆವು. ಒಂದು ಶಾಲೆಯಲ್ಲಿ ಗಂಟೆ ಹೊಡೆಯುವ, ಕಸ ಗುಡಿಸುವ ಕೆಲಸ ಅಪ್ಪನಿಗೆ ಸಿಕ್ಕಿತು. ಕೊಟ್ಟೂರಿನ ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಮೊಬೈಲ್ ಅಂಗಡಿಯೂ ಬೇಕರಿಯೂ ಎದ್ದಿವೆ. ನಮ್ಮ ಒಲೆ ಎಲ್ಲಿತ್ತೆಂದು ನಾನೇ ಹೋಗಿ ನಿಂತರೂ ಗುರುತು ಹತ್ತುವುದಿಲ್ಲ. ಅತ್ತೆಯ ಕುಣಿಯ ಮೇಲೆ ಕಲ್ಲಿರಲಿಲ್ಲ, ಬೇಲಿ ಸರಿಸಿ ರಸ್ತೆ ಅಗಲ ಮಾಡಿದಾಗ ಅದೂ ಹೋಯಿತು.

ವರ್ಷ ತುಂಬಿದ ಮೇಲೆ ಮತ್ತೆ ಭೋಜನಕ್ಕೆ ಸೇರಲು ಅಪ್ಪನಿಗೆ ಕರೆ ಬಂತು. ನಾನೂ ಜೊತೆಗೆ ಹೋದೆ. ಹಗರಿಬೊಮ್ಮನಹಳ್ಳಿಯ ಪ್ರಾರ್ಥನಾಲಯದಲ್ಲಿ ಅವನು ಹಿಂದಿನ ಚಾಪೆಯಿಂದ ಎದ್ದು ಮುಂದೆ ಹೋಗಿ ನಿಂತ. ಅಲ್ಲಿಗೂ ಬರುತ್ತಿದ್ದ ಅದೇ ಅಯ್ಯನವರು ಕ್ರಮದ ಪ್ರಶ್ನೆ ಕೇಳಿದರು, ಹೇಳಿದ ಸುಳ್ಳಿಗೆ ಪಶ್ಚಾತ್ತಾಪವಿದೆಯೇ ಎಂದು. ಒಂದು ಹೂಂ ಸಾಕಿತ್ತು. ಅಪ್ಪ ಕೈ ಕಟ್ಟಿಕೊಂಡು ಹೇಳಿದ, “ಸುಳ್ಳು ಹೇಳಿದ್ದು ಖರೇ ಐತ್ರಿ. ಅದಕ್ಕ ನನಗ ಪಶ್ಚಾತ್ತಾಪ ಇಲ್ಲ. ಇನ್ನೊಂದು ತಪ್ಪು ಮಾಡೀನ್ರಿ, ಅದಕ್ಕೈತಿ. ಹನ್ನೊಂದು ವರ್ಷ ನೀವು ಕೇಳಿದಾಗೆಲ್ಲ ನಾನು ನಮ್ಮಕ್ಕನ ಹೆಸರು ಹೇಳಲಿಲ್ಲ. ಅದನ್ನ ಬರಕೊಳ್ರಿ. ಅದಕ್ಕ ನನಗ ಕ್ಷಮೆ ಕೊಡ್ರಿ.” ಅಯ್ಯನವರು ಪುಸ್ತಕದ ಮೇಲಿಂದ ತಲೆಯೆತ್ತಿ ಅವನನ್ನು ನೋಡಿದರು. ಒಳ್ಳೆಯ ಮನುಷ್ಯ, ದನಿಯಲ್ಲಿ ನಿಜವಾದ ಮರುಕವಿತ್ತು. “ಅದು ತಪ್ಪಲ್ಲಲ್ರಿ ದಾನಿಯೇಲಪ್ಪ. ನೀವು ಕ್ರಮದಂಗ ನಡಕೊಂಡ್ರಿ. ಅದಕ್ಕ ನಿಮಗ ಕ್ಷಮೆ ಬೇಕಾಗಂಗಿಲ್ಲ” ಎಂದರು. ಅಪ್ಪ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ, ಅವರು ಮತ್ತೇನಾದರೂ ಹೇಳಬಹುದೆಂಬಂತೆ. ಆಮೇಲೆ ತಿರುಗಿ ನಡೆದು ಹಿಂದಿನ ಚಾಪೆಯ ಮೇಲೆ ಕೂತ. ಸಾಯುವ ತನಕ ಅಲ್ಲೇ ಕೂತ.